ನೆಗೆಣ್ಣಿಯ ಸ್ಕೂಟರು, ನನ್ನ ಹಳೆ ಕಂತು

ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ, ಕೆಂಪು ಸ್ಕೂಟರು ತಂದ ದಿನ ನಾನು ಜ್ವರವೆಂದು ಹೇಳಿ ಮಲಗಿದ್ದೆ. ಜ್ವರ ಇರಲಿಲ್ಲ. ವಾಡಿಯಲ್ಲಿ ನಮ್ಮೆರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಕಾಯಿ ಒಡೆದದ್ದು, ಓಣಿಯ ಹೆಂಗಸರು "ಭಾಳ ಛಂದ ಅದ" ಅಂದದ್ದು, ಎಲ್ಲವೂ ಹಾಸಿಗೆಯಲ್ಲೇ ಕೇಳಿಸಿತು.

ನಾವಿಬ್ಬರೂ ರವಿಕೆ ಹೊಲಿಯುವವರು. ಮದುವೆಯಾಗಿ ಬಂದಾಗ ಆಕೆಗೆ ತೋಳು ಕೂಡಿಸಲು ಕಲಿಸಿದವಳೇ ನಾನು. ಈಗ ಆಕೆ ಚಿತ್ತಾಪುರಕ್ಕೆ ಹೋಗಿ ಅಸ್ತರದ ಬಟ್ಟೆ ತಂದು ಸಂಜೆಯೊಳಗೆ ಹೊಲಿದು ಕೊಡುತ್ತಿದ್ದಳು. ನಾನಿನ್ನೂ ಬಸ್ಸಿಗೆ ಕಾಯುತ್ತಿದ್ದೆ. ಒಂದು ದಿನ ನನ್ನ ಹಳೆಯ ಗಿರಾಕಿಯೊಬ್ಬಳು ಚೀಲ ಹಿಡಿದು ನನ್ನ ಬಾಗಿಲು ದಾಟಿ ಆಕೆಯ ಮನೆಗೆ ಹೋದಳು. ಮರುದಿನವೇ ನಾನೂ ಸ್ಕೂಟರಿನ ಸಾಲ ಕೇಳಲು ಬ್ಯಾಂಕಿಗೆ ಹೋದೆ.

ಅಲ್ಲಿಯ ಅಧಿಕಾರಿ ಕಂಪ್ಯೂಟರ್ ನೋಡಿ, "ಅಕ್ಕೋರೆ, ನಿಮ್ಮ ಕ್ರೆಡಿಟ್ ರಿಪೋರ್ಟ್‌ನಾಗ ಹಳೇ ಬಾಕಿ ತೋರಸಲಿಕತ್ತದ. ಫೋನಿನ ಸಾಲ. ಅದು ಇರೋತನಕ ಹೊಸ ಸಾಲ ಆಗಂಗಿಲ್ರಿ" ಎಂದರು.

ಫೋನು ನನ್ನದಲ್ಲ, ನಾಲವಾರದಲ್ಲಿರುವ ನನ್ನ ತಮ್ಮನದು. ಎಷ್ಟೋ ವರ್ಷದ ಹಿಂದೆ ಶಹಾಬಾದಿನ ಅಂಗಡಿಯಲ್ಲಿ ನಿಂತು, "ಯಕ್ಕಾ, ನನ್ನ ಹೆಸರಿಲೆ ಕೊಡಂಗಿಲ್ಲ ಅಂತಾರ, ನೀ ಸಹಿ ಮಾಡು" ಅಂದಿದ್ದ. ಮಾಡಿದ್ದೆ. ಕಂತೆಲ್ಲ ಮುಗಿಯಿತೆಂದು ಆತ ಹೇಳಿದ್ದನ್ನು ನಂಬಿಯೂ ಇದ್ದೆ. ಸಂಜೆಯ ರೈಲು ಹಿಡಿದು ಆತನ ಮನೆಗೆ ಹೋದೆ. ಆತ ರೊಟ್ಟಿ ಮುರಿಯುತ್ತಲೇ, "ಇಷ್ಟು ವರ್ಷದ ಮ್ಯಾಲ ಯಾರು ಕೇಳ್ತಾರ? ಬಿಡು" ಎಂದ. ಆ ಫೋನನ್ನು ಎಂದೋ ಮಾರಿದ್ದನಂತೆ.

ಸಾಲ ಕೊಟ್ಟ ಫೈನಾನ್ಸಿನ ಆಫೀಸು ಶಹಾಬಾದಿನಲ್ಲಿ. ನಾನು ಹೊರಟು ನಿಂತದ್ದನ್ನು ಕಂಡು ನೆಗೆಣ್ಣಿ, "ಕುಂದ್ರಕ್ಕಾ, ನಾ ಕರಕೊಂಡು ಹೋಗ್ತೀನಿ" ಅಂದಳು. ಬೇಡವೆನ್ನಲು ನೆಪ ಸಿಗಲಿಲ್ಲ. ಆಕೆಯ ಹಿಂದೆ ಕುಳಿತು, ಆಕೆಯ ಸೆರಗು ಮುಖಕ್ಕೆ ಬಡಿಯುತ್ತಿದ್ದರೆ, ಈ ಗಾಡಿ ಎಲ್ಲಾದರೂ ಪಂಕ್ಚರ್ ಆಗಬಾರದೇ ಅಂದುಕೊಂಡೆ. ಆಗಿದ್ದರೆ ನಾನೂ ನಡೆಯಬೇಕಿತ್ತು ಎಂಬುದು ಹೊಳೆಯಲಿಲ್ಲ.

ಆಫೀಸಿನವನು ಭಾಳ ಮೆತ್ತಗೆ ಮಾತಾಡಿದ. "ಅರ್ಧ ಕಟ್ಟಿ ಬಿಡ್ರಿ, ಸೆಟಲ್‌ಮೆಂಟ್ ಅಂತ ಹಾಕಿ ಇವತ್ತೇ ಮುಗಸ್ತೀವಿ."

ಖುಷಿಯಿಂದ ಪರ್ಸು ತೆಗೆದೆ. ನೆಗೆಣ್ಣಿ ಕೈ ಹಿಡಿದಳು. "ಬ್ಯಾಡಕ್ಕಾ. ಪೂರಾ ಕಟ್ಟು."

ಆಕೆಯನ್ನು ಹೊರಗೆ ಎಳೆದುಕೊಂಡು ಬಂದೆ. "ನಿನಗ ಗಾಡಿ ಬಂತು, ನನಗ ಬರಬಾರದು ಅಂತೇನು? ನನ್ನ ರೊಕ್ಕ ಹೋಗಲಿ ಅಂತೇನು?"

ಆಕೆಯ ಕಣ್ಣು ತುಂಬಿದವು. "ನನಗ ಎಲ್ಲಿ ಬಂತಕ್ಕಾ? ಗಾಡಿ ನಮ್ಮಪ್ಪನ ಹೆಸರಿಲೆ ಅದ. ಮದುವಿಗಿ ಮೊದಲ ನಾನೂ ಒಂದು ಟೀವಿ ಸಾಲ ಹಿಂಗೇ ಅರ್ಧ ಕಟ್ಟಿ ಮುಗಿಸಿದ್ದೆ. ರಿಪೋರ್ಟ್‌ನಾಗ 'ಸೆಟಲ್' ಅಂತ ಇನ್ನೂ ಹಂಗೇ ಕುಂತದ. ಪೂರಾ ಕಟ್ಟಿಲ್ಲ ಅಂತ ಅದರ ಅರ್ಥ. ಬ್ಯಾಂಕಿನವರು ನನಗೂ ಇಲ್ಲ ಅಂದರು."

ಇಷ್ಟು ತಿಂಗಳು ಆಕೆಗೆ ಸಿಕ್ಕಿತೆಂದು ನಾನು ಉರಿದುಕೊಂಡ ಸಾಲ ಆಕೆಗೆ ಸಿಕ್ಕೇ ಇರಲಿಲ್ಲ. ಹಾಗೆಂದು ನನ್ನ ಹೊಟ್ಟೆಕಿಚ್ಚು ಆರಿತೆ? ಇಲ್ಲ. ಚಿಮ್ಮನಚೋಡದಲ್ಲಿ ಆಕೆಗೆ ಒಬ್ಬ ಅಪ್ಪನಿದ್ದಾನೆ. ಮಗಳ ಹೆಸರು ನಡೆಯದಿದ್ದರೆ ತನ್ನ ಹೆಸರು ಕೊಡುತ್ತಾನೆ. ನನ್ನ ತವರಿನವರು ನನ್ನ ಹೆಸರನ್ನೇ ತೆಗೆದುಕೊಂಡು ಹೋದರು. ಉರಿ ಮೊದಲಿಗಿಂತ ಹೆಚ್ಚಾಯಿತು.

ಆದರೂ ಆಕೆಯ ಮಾತು ಕೇಳಿದೆ. ಕೈಯಲ್ಲಿದ್ದದ್ದು ಸಾಲದೆ ಬೆಳ್ಳಿಯ ಕಾಲುಚೈನು ಮಾರಿ, ಎರಡು ಸಲ ಹೋಗಿ ಪೂರ್ತಿ ಕಟ್ಟಿದೆ. ಬಾಕಿ ಇಲ್ಲವೆಂಬ ಪತ್ರ ಬರೆಸಿಕೊಂಡೆ. ಸ್ವಲ್ಪ ದಿನಗಳ ಮೇಲೆ ರಿಪೋರ್ಟಿನಲ್ಲಿ ಆ ಸಾಲ ಮುಗಿದಿದೆ ಎಂದು ಬಂತು. ಬ್ಯಾಂಕಿನವರು ನೋಡುವ ಕ್ರೆಡಿಟ್ ಅಂಕ ಏರಲು ಮತ್ತೂ ಸಮಯ ಹಿಡಿಯಿತು. ಕೊನೆಗೆ ಬ್ಯಾಂಕು ಸಾಲ ಕೊಟ್ಟಾಗ ನೀಲಿ ಬಣ್ಣದ, ಆಕೆಯದಕ್ಕಿಂತ ದೊಡ್ಡ ಗಾಡಿಯನ್ನೇ ಆರಿಸಿದೆ. ಕುಂಕುಮ ಹಚ್ಚಲು ನೆಗೆಣ್ಣಿ ಎಲ್ಲರಿಗಿಂತ ಮೊದಲು ಬಂದಳು. ಆಕೆಗೆ ಜ್ವರ ಬರಲಿಲ್ಲ.

ಮುಂದಿನ ದೀಪಾವಳಿ ಕಳೆದ ಮೇಲೆ ಆಕೆಯೇ ಕೇಳಿದಳು: "ಅಕ್ಕಾ, ನಾನೂ ಆ ಉಳಿದ ಅರ್ಧ ಕಟ್ಟಿಬಿಡ್ತೀನಿ. ನೀ ಸಂಗಾಟ ಬಾ." ಆಕೆಯ ಟೀವಿ ಸಾಲದ ಫೈನಾನ್ಸು ಸೇಡಂನಲ್ಲಿ. ನನ್ನ ಗಾಡಿಯಲ್ಲೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನಾನೇ ಮುಂದೆ ಕುಳಿತಿದ್ದೇನೆಂಬ ಬಿಗುಮಾನ ನನಗೆ.

ಕಟ್ಟಿ ಹೊರಬಂದವಳು ಮೆಟ್ಟಿಲ ಮೇಲೇ ನಿಂತು ತವರಿಗೆ ಫೋನು ಹಚ್ಚಿದಳು. "ಅಪ್ಪಾ, ಮುಗೀತಪಾ. ಹೌದು, ಪೂರಾ." ಆ ಕಡೆಯಿಂದ ಏನಂದರೋ, ಆಕೆ ಅಳುತ್ತಲೇ ನಕ್ಕಳು. ನಾನು ಕಟ್ಟಿ ಮುಗಿಸಿದ ದಿನ ಯಾರಿಗೂ ಫೋನು ಮಾಡಿರಲಿಲ್ಲ. ಆಕೆಯ ಮಾತು ಮುಗಿಯುವಂತೆ ಕಾಣಲಿಲ್ಲ. ಗಾಡಿ ಚಾಲೂ ಮಾಡಿ, ಹಾರ್ನು ಒತ್ತಿ, "ಬಾ, ಹೊತ್ತಾಯ್ತು" ಎಂದೆ.