ಗಾದಿ ಅಂಗಡಿಯ ಮೇಲಿನ ನಾಜಮೀನ

ಗಜೇಂದ್ರಗಡದಲ್ಲಿ ನಾಜಮೀನಳ ಆಟದ ಕೋಣೆಗೆ ಹೋಗಬೇಕೆಂದರೆ ಹತ್ತಿಯ ನಡುವೆಯೇ ದಾರಿ. ಕೆಳಗೆ ಅವಳ ಮಾವ ಕಾಶೀಂಸಾಬರ ಗಾದಿ ಅಂಗಡಿ. ಬಾಗಿಲಲ್ಲೇ ಹಿಂಜಿದ ಹತ್ತಿಯ ರಾಶಿ, ಪಕ್ಕದಲ್ಲಿ ಲೋಡು, ತಲೆದಿಂಬು, ಮದುವೆ ಮನೆಗೆಂದು ಹೊಲಿದಿಟ್ಟ ಜೋಡಿ ಗಾದಿ. ಇವನ್ನೆಲ್ಲ ಮೈ ಓರೆ ಮಾಡಿಕೊಂಡು ದಾಟಿ ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ಎರಡು ದೊಡ್ಡ ಟಿವಿ, ಒಂದು ಮೇಜು, ಒಂದಿಷ್ಟು ಕುರ್ಚಿ. ಟಿವಿಯಲ್ಲಿ ಫುಟ್‌ಬಾಲ್ ಆಡಲು ಬಂದ ಕರಿಮೀಸೆಯ ಗಂಡಸರು ಬಿಳಿಮೀಸೆ ಹೊತ್ತು ಇಳಿದು ಹೋಗುತ್ತಾರೆಂದು ಊರು ನಗುತ್ತದೆ. ನಗಲಿ, ಆಡಲು ಬರುವುದೂ ಅದೇ ಊರು.

ನಾಜಮೀನ ರಾಜೂರಿನವಳು. ಸಣ್ಣವಳಿದ್ದಾಗಿನಿಂದಲೂ ಏನು ಕೈಗೆ ಸಿಕ್ಕರೂ ಬಿಚ್ಚಿ ನೋಡುವ ಚಟ. ಅಜ್ಜನ ರೇಡಿಯೊ ಬಿಚ್ಚಿ ಮತ್ತೆ ಕೂಡಿಸಿದಾಗ ಒಂದು ಸ್ಕ್ರೂ ಅವಳ ಕೈಯಲ್ಲೇ ಉಳಿಯಿತು. ರೇಡಿಯೊ ಮಾತ್ರ ಮೊದಲಿಗಿಂತ ಸ್ವಚ್ಛವಾಗಿ ಮಾತಾಡಿತು. ಬೈಯಬೇಕೋ ಹೊಗಳಬೇಕೋ ತಿಳಿಯದ ಅಜ್ಜ ಆ ಸ್ಕ್ರೂವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದರು. ಪಿಯುಸಿಗೆಂದು ದಿನಾ ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಬಂದು ಹೋಗುತ್ತಿದ್ದ ಹುಡುಗಿ ಕೊನೆಗೆ ಅದೇ ಊರಿನ ಹತ್ತಿ ಹಿಂಜುವ ನದಾಫರ ಮನೆಗೆ ಸೊಸೆಯಾಗಿ ಬಂದಳು.

ಗಂಡ ಆರಿಫ ಒಳ್ಳೆಯ ಮನುಷ್ಯ, ಆದರೆ ಒಂದು ಕಡೆ ನಿಲ್ಲುವ ಕಾಲಲ್ಲ ಅವನದು. ಹುಬ್ಬಳ್ಳಿಗೆ ಗಾದಿ ಬಟ್ಟೆ ತರಲು ಹೋದವನು ಬಟ್ಟೆಯ ಜೊತೆ ಹಳೆಯ ಎರಡು ಗೇಮ್ ಯಂತ್ರಗಳನ್ನೂ ಹೊತ್ತು ತಂದ. ಮೇಲಿನ ಕೋಣೆಗೆ ಬಣ್ಣ ಬಳಿಸಿದ, ಬೋರ್ಡು ಬರೆಸಿದ, ನಾಲ್ಕು ದಿನ ಕುಣಿದಾಡಿದ. ಆಮೇಲೆ ಟೆಂಪೊದಲ್ಲಿ ಗಾದಿ ಹೇರಿಕೊಂಡು ಊರೂರು ತಿರುಗುವುದೇ ಸುಖವೆಂದು ಹೊರಟುಹೋದ. ಕೋಣೆಯ ಕೀಲಿಕೈ ನಾಜಮೀನಳ ಸೊಂಟಕ್ಕೆ ಬಂತು.

ಕಾಶೀಂಸಾಬರಿಗೆ ಇದು ಮೊದಲಿನಿಂದಲೂ ಹಿಡಿಸಲಿಲ್ಲ. ಮದುವೆಯ ಹಂಗಾಮಿನಲ್ಲಿ ಹೊಲಿದ ಗಾದಿ ಇಡಲು ಜಾಗವಿಲ್ಲದೆ ಅವರು ಪರದಾಡುತ್ತಿದ್ದರು. "ನಡೀಲಿ, ಬ್ಯಾಡ ಅನ್ನಂಗಿಲ್ಲ ನಾ," ಎಂದರು ಸೊಸೆಗೆ. "ಆದ್ರ ಆಟದಾಗ ಮೋಸ ಆತು ಅಂತ ಒಬ್ಬರ ಬಂದು ನನ್ನ ಅಂಗಡಿ ಮುಂದ ನಿಂತ್ರಂದ್ರ, ಮರುದಿನನ ಗಾದಿ ಎಲ್ಲಾ ಮ್ಯಾಲಿನ ಕೋಣಿಗೆ ಹೊಕ್ಕಾವ ನೋಡವಾ." ಕಾಶೀಂಸಾಬರು ತೂಕದಲ್ಲಿ ಒಂದು ಹಿಡಿ ಹತ್ತಿ ಕಡಿಮೆ ಹಾಕಿದವರಲ್ಲ. ಅವರ ಮಾತಿಗೆ ಎದುರಾಡುವ ಧೈರ್ಯ ನಾಜಮೀನಳಿಗೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ತೊಂದರೆ ಶುರುವಾದದ್ದು ರಿಮೋಟಿನಿಂದ. ಆಟ ಆಡಿಸುವ ಕಂಟ್ರೋಲರಿಗೆ ಅಲ್ಲಿ ಎಲ್ಲರೂ ರಿಮೋಟ್ ಎನ್ನುತ್ತಾರೆ. ಅದರ ಮೇಲೆ ಹೆಬ್ಬೆರಳಿಟ್ಟು ತಿರುಗಿಸುವ ಎರಡು ಗಿಡ್ಡ ಸ್ಟಿಕ್ಕುಗಳಿರುತ್ತವೆ. ಎಡಕ್ಕೆ ಒತ್ತಿದರೆ ಆಟಗಾರ ಎಡಕ್ಕೆ ಓಡುತ್ತಾನೆ, ಬೆರಳು ತೆಗೆದರೆ ನಿಲ್ಲುತ್ತಾನೆ. ನಿಲ್ಲಬೇಕು. ಒಂದು ದಿನ ಅವನು ನಿಲ್ಲಲಿಲ್ಲ. ಯಾರೂ ಮುಟ್ಟದಿದ್ದರೂ ಮೈದಾನದ ಅಂಚಿಗೆ ತನ್ನಷ್ಟಕ್ಕೆ ತಾನು, ಸಂತೆಗೆ ಹೊರಟವನ ಹಾಗೆ, ನಡೆದುಕೊಂಡು ಹೋದ. ನೋಡಿದವರು ದೆವ್ವ ಬಡಿದಿದೆ ಎಂದರು. ಇದಕ್ಕೆ ಡ್ರಿಫ್ಟ್ ಎನ್ನುತ್ತಾರೆಂದು ನಾಜಮೀನ ಮೊಬೈಲಿನಲ್ಲಿ ಹುಡುಕಿ ತಿಳಿದುಕೊಂಡಳು.

ತಿಳಿದು ಸುಮ್ಮನಿರುವ ಜಾತಿಯಲ್ಲ ಅವಳು. ರಿಮೋಟ್ ಬಿಚ್ಚಿದಳು. ಸ್ಟಿಕ್ಕಿನ ಬುಡದಲ್ಲಿ ಸಣ್ಣದೊಂದು ಡಬ್ಬಿ, ಅದರೊಳಗೆ ಕರಿ ಪಟ್ಟಿ, ಪಟ್ಟಿಯ ಮೇಲೆ ಸದಾ ಉಜ್ಜುತ್ತ ಓಡಾಡುವ ಲೋಹದ ನಾಲಿಗೆ. ಪಟ್ಟಿ ಸವೆದರೂ ಕಷ್ಟ, ನಡುವೆ ಕಸ ಕುಳಿತರೂ ಕಷ್ಟ. ಬೆರಳು ಎತ್ತಿದ ಮೇಲೂ ಒತ್ತಿದ್ದಾರೆಂದೇ ಯಂತ್ರ ನಂಬುತ್ತದೆ. ಮೊದಲ ರಿಮೋಟ್ ಅವಳ ಕೈಯಲ್ಲಿ ಸತ್ತಿತು. ಎರಡನೆಯದು ಬದುಕಿತು. ಆಮೇಲೆ ಸವೆದ ಡಬ್ಬಿ ಕಿತ್ತು ಹೊಸದನ್ನು ಬೆಸುಗೆ ಹಾಕುವುದನ್ನೂ ಕಲಿತಳು. ಬೆಸುಗೆಯ ಹೊಗೆ ಎದ್ದಾಗ ಅತ್ತೆ ರಮಜಾನಬಿ ಒಗ್ಗರಣೆ ಸೀದಿತೆಂದು ಅಡುಗೆಮನೆಗೆ ಓಡುತ್ತಿದ್ದರು.

ಕೋಣೆಗೆ ಒಂದು ಕಟ್ಟಳೆಯನ್ನೂ ಮಾಡಿದಳು. ಆಟಕ್ಕೆ ಮುಂಚೆ ಇಬ್ಬರೂ ರಿಮೋಟನ್ನು ಮೇಜಿನ ಮೇಲಿಡಬೇಕು. ನಾಜಮೀನ "ಕೈ ಬಿಡ್ರಿ" ಅನ್ನುತ್ತಾಳೆ. ಎಲ್ಲರೂ ಟಿವಿ ನೋಡುತ್ತಾರೆ. ಪರದೆಯ ಆಟಗಾರರು ಕದಲದೆ ನಿಂತರೆ ಆಟ ಶುರು. ಒಬ್ಬ ಒಂದು ಹೆಜ್ಜೆ ಇಟ್ಟರೂ ಆ ರಿಮೋಟ್ ದುರಸ್ತಿಗೆ. ಮೊದಮೊದಲು ಇದೇನು ನಮಾಜಿನ ಸಾಲೇ ಎಂದು ಚೇಷ್ಟೆ ಮಾಡಿದವರೇ ಆಮೇಲೆ ಅವಳಿಗಿಂತ ಮೊದಲು ಕೈ ಬಿಟ್ಟು ಕೂರತೊಡಗಿದರು. ನಾಜಮೀನಳ ಕೋಣೆಯಲ್ಲಿ ಸೋತವನಿಗೆ ನೆಪ ಇರುವುದಿಲ್ಲ ಎಂಬ ಮಾತು ರೋಣದವರೆಗೂ ಹೋಯಿತು. ಆ ಮಾತು ಕೇಳಿದ ದಿನ ಅವಳು ಹೆಮ್ಮೆಯಿಂದ ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ಕೆಳಗಿನ ಹತ್ತಿ ರಿಮೋಟಿಗೆ ವೈರಿ ಎಂಬುದು ಅವಳಿಗೆ ಗೊತ್ತಿತ್ತು. ಬಾಗಿಲಿಗೆ ದಪ್ಪನೆಯ ಪರದೆ ಕಟ್ಟಿದಳು, ಒದ್ದೆ ಬಟ್ಟೆಯಿಂದ ನೆಲ ಒರೆಸಿದಳು. ಹತ್ತಿಯನ್ನು ಹೊರಗೇ ನಿಲ್ಲಿಸಿದೆನೆಂದುಕೊಂಡಳು. ಸೊಸೆ ದಿನಾ ರಿಮೋಟುಗಳ ಆರೈಕೆ ಮಾಡುವುದನ್ನು ನೋಡಿ ರಮಜಾನಬಿಗೂ ಕೈ ಸುಮ್ಮನಿರಲಿಲ್ಲ. ಜೀವಮಾನವಿಡೀ ಗಾದಿ ಹೊಲಿದ ಕೈ ಅದು. ರಿಮೋಟಿಗೊಂದರಂತೆ ಚೆಂದದ ಚೀಲ ಹೊಲಿದರು. ಇಳಕಲ್ ಸೀರೆಯ ಅಂಚು, ಒಳಗೆ ಮೆತ್ತಗೆ ಹತ್ತಿ, ಮೇಲೆ ಒತ್ತೊತ್ತಾಗಿ ಟಾಕು ಹೊಲಿಗೆ.

"ಮರಿಗಾದಿ ನೋಡವಾ ಇವು," ಎಂದರು. "ಆಡಿ ದಣದಿರತಾವ, ಇದರಾಗ ಮಲಗಸು. ಧೂಳು ಹತ್ತಂಗಿಲ್ಲ."

ನಾಜಮೀನ ಅತ್ತೆಯನ್ನು ಅಪ್ಪಿಕೊಂಡಳು. ಬಂದವರಿಗೆಲ್ಲ ತೋರಿಸಿದಳು. ಯಾರಾದರೂ ಆಟದ ನಡುವೆ ನೀರು ಕುಡಿಯಲು ಎದ್ದರೂ ರಮಜಾನಬಿ ಬಂದು ರಿಮೋಟನ್ನು ಮರಿಗಾದಿಯಲ್ಲಿ ತುರುಕಿ, ಮೇಲೊಂದು ಸಲ ತಟ್ಟಿ ಹೋಗುತ್ತಿದ್ದರು.

ಅಲ್ಲಿಂದ ಮುಂದೆ ಡ್ರಿಫ್ಟ್ ಹೆಚ್ಚಾಯಿತು. ಹೊಸ ಡಬ್ಬಿ ಹಾಕಿದ ರಿಮೋಟ್ ಕೂಡ ಕೆಲವೇ ವಾರಗಳಲ್ಲಿ ಅಡ್ಡದಾರಿ ಹಿಡಿಯುತ್ತಿತ್ತು. ನಾಜಮೀನ ಡಬ್ಬಿ ಕಳಿಸಿದ ಅಂಗಡಿಯವನನ್ನು ಬೈದಳು, ತನ್ನ ಬೆಸುಗೆಯನ್ನು ಬೈದುಕೊಂಡಳು. ಬಿಚ್ಚುವುದು, ಡಬ್ಬಿ ಬದಲಿಸುವುದು, ಮುಚ್ಚುವುದು. ಬಿಚ್ಚಿದ ಕೂಡಲೇ ಬ್ರಷ್ಷಿನಿಂದ ಝಾಡಿಸುವ ಅಭ್ಯಾಸದಿಂದಾಗಿ, ಝಾಡಿಸಿದ್ದೇನು ಎಂದು ಒಮ್ಮೆಯೂ ನಿಂತು ನೋಡಲಿಲ್ಲ.

ಇಂಥ ಹೊತ್ತಿನಲ್ಲೇ ರೋಣದವರು ಪಂದ್ಯಕ್ಕೆ ಬರುತ್ತೇವೆಂದು ಹೇಳಿ ಕಳಿಸಿದರು. ದೀಪಾವಳಿ ಮುಗಿದ ಮೇಲಿನ ರವಿವಾರ ಮಧ್ಯಾಹ್ನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೆಟ್ಟಿಲ ಮೇಲೂ ಜನ, ಕೆಳಗೆ ಗಾದಿಗಳ ಮೇಲೂ ಜನ. ಗಾದಿಯ ಮೇಲೆ ಕುಳಿತವರನ್ನು ಎಬ್ಬಿಸುವುದರಲ್ಲೇ ಕಾಶೀಂಸಾಬರಿಗೆ ಸಾಕಾಯಿತು. ಕೊನೆಯ ಆಟಕ್ಕೆ ಉಳಿದವರು ಇಬ್ಬರು. ಒಬ್ಬ ರೋಣದ ಹೇಮಂತ, ಬೀಜದ ಅಂಗಡಿಯಲ್ಲಿ ಕೆಲಸ, ಮಾತು ಕಡಿಮೆ. ಇನ್ನೊಬ್ಬ ನಾಜಮೀನಳ ಮೈದುನ ದಿಲಾವರ, ಆಟೊ ಓಡಿಸುವವನು, ಮಾತೇ ಹೆಚ್ಚು.

"ಕೈ ಬಿಡ್ರಿ," ಎಂದಳು ನಾಜಮೀನ. ಪರದೆಯ ಮೇಲೆ ಎಲ್ಲರೂ ಕಲ್ಲಿನಂತೆ ನಿಂತರು. ಆಟ ಶುರುವಾಯಿತು.

ಅರ್ಧ ಆಟದವರೆಗೆ ಹೇಮಂತನೇ ಒಂದು ಗೋಲು ಮುಂದಿದ್ದ. ವಿರಾಮದಲ್ಲಿ ಇಬ್ಬರೂ ಚಹಾ ಕುಡಿಯಲು ಎದ್ದಾಗ ರಮಜಾನಬಿ ವಾಡಿಕೆಯಂತೆ ಬಂದು ರಿಮೋಟುಗಳನ್ನು ಮಲಗಿಸಿ ಹೋದರು. ಮತ್ತೆ ಆಟ ಶುರುವಾದ ಮೇಲೆ ಹೇಮಂತನ ಆಟಕ್ಕೆ ಏನೋ ಆಯಿತು. ಅವನ ಕಾವಲಿನವರು ಚೆಂಡು ಬಿಟ್ಟು ಎಡಕ್ಕೆ ಸರಿಯತೊಡಗಿದರು. ದಿಲಾವರ ಸಮ ಮಾಡಿದ, ಮತ್ತೊಂದು ಹೊಡೆದ. ಗಜೇಂದ್ರಗಡದವರು ಹಾಕಿದ ಕೇಕೆಗೆ ಟಿವಿಯ ಸದ್ದೇ ಕೇಳಲಿಲ್ಲ. ಹೇಮಂತ ತುಟಿ ಕಚ್ಚಿಕೊಂಡು ಆಡಿದ. ತಪ್ಪು ತನ್ನ ಬೆರಳಿನದೇ ಎಂದು ತಿಳಿದಿದ್ದನೋ ಏನೋ. ರೋಣದವರ ಗುಂಪಿನಲ್ಲಿ ಮಾತ್ರ ಗುಸುಗುಸು ಎದ್ದಿತ್ತು. "ಮನಿ ಹುಡುಗ ಗೆಲ್ಲಲಿ ಅಂತ ಏನರ ಮಾಡಿರಬೇಕ."

ಬೆವರು ಒರೆಸಿಕೊಳ್ಳಲು ಹೇಮಂತ ರಿಮೋಟನ್ನು ತೊಡೆಯ ಮೇಲಿಟ್ಟ. ಎಲ್ಲರ ಕಣ್ಣು ಚೆಂಡಿನ ಮೇಲಿತ್ತು, ನಾಜಮೀನಳದು ಅವನ ಆಟಗಾರನ ಮೇಲೆ. ಆ ಆಟಗಾರ ಮೆಲ್ಲಗೆ ಎಡಕ್ಕೆ ನಡೆದ.

"ನಿಲ್ಲಸ್ರಿ," ಎಂದಳು. ಎದ್ದು ಹೋಗಿ ಆಟವನ್ನು ತಾನೇ ನಿಲ್ಲಿಸಿದಳು. "ಹೇಮಂತಣ್ಣಾ, ರಿಮೋಟ ಕೊಡ್ರಿಲ್ಲೆ."

ದಿಲಾವರ ಕುರ್ಚಿಯಿಂದ ನೆಗೆದ. "ಭಾಬಿ, ಮುಗಿಯಾಕ ಬಂದೈತಿ! ಗೆದ್ದ ಆಟ ಕೆಡಸ್ತಿ ಏನ?"

ನಾಜಮೀನ ಎಲ್ಲರ ಎದುರಿಗೇ ಸ್ಕ್ರೂ ಬಿಚ್ಚಿದಳು. ಈ ಸಲ ಝಾಡಿಸಲಿಲ್ಲ, ಮೊದಲು ನೋಡಿದಳು. ಸ್ಟಿಕ್ಕಿನ ಬುಡಕ್ಕೆ ಬಿಳಿ ಎಳೆಯೊಂದು ಬಿಗಿಯಾಗಿ ಸುತ್ತಿಕೊಂಡಿತ್ತು. ಚಿಮಟದಿಂದ ಎಳೆದರೆ ಬಂತು, ಬರುತ್ತಲೇ ಹೋಯಿತು. ಬಾಗಿಲಿಗೆ ಕಟ್ಟಿದ ಪರದೆ ದಾಟಿ ಗಾಳಿಯಲ್ಲಿ ತೇಲಿ ಬರುವ ಪುಡಿಯಲ್ಲ ಇದು. ಹಿಂಜಿದ ಉದ್ದನೆಯ ಎಳೆ. ಟಾಕಿನ ಸಂದಿಯಿಂದ ಹೊರಬಂದು, ರಿಮೋಟನ್ನು ಒಳಗೆ ತುರುಕುವಾಗಲೆಲ್ಲ ಸ್ಟಿಕ್ಕಿಗೆ ಸುತ್ತಿಕೊಂಡು, ಕೆಳಗಿಳಿದದ್ದು. ಮರಿಗಾದಿಯ ಹತ್ತಿ.

ಅವಳು ಮುಷ್ಟಿ ಮುಚ್ಚಿದಳು. ಪಕ್ಕದಲ್ಲೇ ರಮಜಾನಬಿ ನಿಂತಿದ್ದರು. ಅಂದು ಬೆಳಿಗ್ಗೆಯಷ್ಟೇ ಬಂದವರಿಗೆಲ್ಲ ಮರಿಗಾದಿ ತೋರಿಸಿ ಶಹಬಾಸ್ ಅನ್ನಿಸಿಕೊಂಡಿದ್ದರು. ಧೂಳು ಎಂದು ಒಂದು ಮಾತು ಹೇಳಿದರೆ ಅತ್ತೆಯ ಮುಖ ಉಳಿಯುತ್ತದೆ. ಆದರೆ ಧೂಳು ಬಂದದ್ದು ಹೇಮಂತನ ರಿಮೋಟಿಗೇ ಏಕೆ ಎಂದು ರೋಣದವರು ಕೇಳುತ್ತಾರೆ, ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ, ಊರಿಗೆ ಹೋಗಿ ಕೇಳುತ್ತಾರೆ. ಕೋಣೆಯ ಹೆಸರು ಹೋದರೆ ಕೋಣೆಯೂ ಹೋಯಿತು. ಅತ್ತೆಯ ಮನಸ್ಸು ಮುರಿದು ಕೋಣೆ ಉಳಿಸಿಕೊಂಡರೆ ಈ ಮನೆಯಲ್ಲಿ ತುತ್ತು ಇಳಿಯುವುದಾದರೂ ಹೇಗೆ?

"ಏನ ಸಿಕ್ತರಿ ಅಕ್ಕಾರ?" ಎಂದ ಹೇಮಂತ. ಅವನ ದನಿಯಲ್ಲಿ ಸಂಶಯವಿರಲಿಲ್ಲ. ಅದಕ್ಕೇ ಅವಳಿಗೆ ಧೂಳು ಎನ್ನಲಾಗಲಿಲ್ಲ.

ಅವಳು ಮುಷ್ಟಿ ಬಿಚ್ಚಿದಳು. "ಹತ್ತಿ ಅಣ್ಣಾ. ನಮ್ಮನೀದ. ನಾನ ಆ ಚೀಲದಾಗ ಇಟ್ಟೆ, ಚೀಲದ ಹತ್ತಿ ಒಳಗ ಹೋಗೇತಿ. ನೀವು ಚಲೋನ ಆಡಿದ್ರಿ, ತಪ್ಪು ನನ್ನ ರಿಮೋಟಿಂದು. ಈ ಆಟ ಹಿಡ್ಯಾಂಗಿಲ್ಲ. ಮೊದಲಿಂದ ಆಡ್ರಿ."

ರಮಜಾನಬಿ ಮುಂದೆ ಬಂದು ಸೊಸೆಯ ಅಂಗೈಯಿಂದ ಎಳೆಯನ್ನು ಎತ್ತಿಕೊಂಡರು, ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ನೋಡಿದರು. ಮುಖ ಕೆಂಪಾಯಿತು. ನಾಜಮೀನ ಕಣ್ಣು ಕೆಳಗೆ ಹಾಕಿದಳು.

"ಆಕಿ ಯಾಕ ತನ್ನ ಮ್ಯಾಲೆ ಹಾಕ್ಕೊಳಾಕತ್ತಾಳ?" ಎಂದರು ರಮಜಾನಬಿ, ರೋಣದವರ ಕಡೆ ತಿರುಗಿ. "ಹತ್ತಿ ತುಂಬಿದಾಕಿ ನಾನು. ಟಾಕು ಹಾಕಿದಾಕಿ ನಾನು. ಅರ್ಧ ಆಟದಾಗ ಅದನ್ನ ಒಳಗ ತುರಕಿದಾಕೀನೂ ನಾನ. ನನ್ನ ಸೊಸಿ ಮ್ಯಾಲೆ ಯಾರರ ಮೋಸದ ಮಾತ ಎತ್ತಿದ್ರ ಮೊದಲ ನನ್ನ ಕೇಳ್ರಿ." ಆಮೇಲೆ ಸೊಸೆಯ ಕಡೆ ತಿರುಗಿ ಮೆಲ್ಲಗೆ ಗದರಿದರು. "ಮೊದಲ ಹೇಳಬಾರದೇನ? ನಾ ಏನ ಅಳತಿದ್ದಿಲ್ಲ."

ನಾಜಮೀನಳೇ ಅತ್ತಳು, ಒಂದೇ ಗಳಿಗೆ. ಆಮೇಲೆ ಮೂಗು ಒರೆಸಿಕೊಂಡು ಎರಡೂ ರಿಮೋಟುಗಳನ್ನು ಬಿಚ್ಚಿ, ಎಳೆಯೆಳೆಯಾಗಿ ಹತ್ತಿ ತೆಗೆದು ಮುಚ್ಚಿದಳು. ಸೇರಿದ ಜನ ಸಿನೆಮಾ ನೋಡಿದ ಹಾಗೆ ನೋಡಿತು. "ಕೈ ಬಿಡ್ರಿ," ಎಂದಾಗ ರೋಣದವರೂ ಗಜೇಂದ್ರಗಡದವರೂ ಒಟ್ಟಿಗೆ ಪರದೆಯತ್ತ ಕತ್ತು ಚಾಚಿದರು.

ಆ ಆಟ ಹೇಮಂತ ಗೆದ್ದ. ಒಂದೇ ಗೋಲಿನಿಂದ, ಅದೂ ಕೊನೆಯ ಹೊತ್ತಿಗೆ. ದಿಲಾವರ ರಿಮೋಟನ್ನು ಮೇಜಿನ ಮೇಲೆ ಕುಕ್ಕಲು ಎತ್ತಿದವನು ಅತ್ತಿಗೆಯ ಮುಖ ನೋಡಿ ಮೆಲ್ಲಗಿಟ್ಟ, ಹೇಮಂತನ ಕೈ ಕುಲುಕಿದ. ಊರಿನವರಿಗೆ ಹೊಟ್ಟೆ ಉರಿಯದೇ ಇರಲಿಲ್ಲ. ಗೆದ್ದವರ ಕಪ್ ರೋಣದ ಬಸ್ಸು ಹತ್ತುತ್ತದೆಂದರೆ ಯಾರಿಗೆ ಸುಮ್ಮನಿರಲಾಗುತ್ತದೆ? ಆದರೆ ಹೇಮಂತ ಕಪ್ ಹಿಡಿದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ. "ಬರೂ ವರ್ಷ ಪಂದ್ಯ ರೋಣದಾಗ ಇಡೂದಂತ ಇತ್ರಿ. ಅಲ್ಲಿ ಬ್ಯಾಡ. ಇಲ್ಲೇ ಇಡೂಣು. ಅಕ್ಕಾರ ಕೈ ಬಿಡ್ರಿ ಅಂದ್ರನ ನಾವು ಆಡೋರು." ರೋಣದವರು ಹೌದೆಂದು ಚಪ್ಪಾಳೆ ತಟ್ಟಿದರು, ಅವರಿಗಿಂತ ಜೋರಾಗಿ ಗಜೇಂದ್ರಗಡದವರು ತಟ್ಟಿದರು. ನಾಜಮೀನ ಎಲ್ಲಿ ನೋಡಬೇಕೋ ತಿಳಿಯದೆ ಸ್ಕ್ರೂ ಡ್ರೈವರನ್ನೇ ಒರೆಸುತ್ತ ನಿಂತಳು. ಎದೆ ಮಾತ್ರ ತುಂಬಿ ಬಂದಿತ್ತು.

ಗದ್ದಲ ಕೇಳಿ ಕೆಳಗಿನಿಂದ ಕಾಶೀಂಸಾಬರು ಕೂಗಿದರು. "ಏನಾತ ಅಲ್ಲೆ? ಯಾರ ಗೆದ್ರು?"

ರಮಜಾನಬಿ ಜನರನ್ನು ಸರಿಸಿಕೊಂಡು ಮೆಟ್ಟಿಲ ತಲೆಗೆ ಬಂದು ನಿಂತರು. "ನನ್ನ ಸೊಸಿ ಗೆದ್ಲು," ಎಂದರು.

"ಆಕಿ ಯಾವಾಗ ಆಡಿದ್ಲು?"

"ಆಡಿಲ್ಲ. ನಿಮ್ಮ ಗಾದಿಗೆ ಬ್ಯಾರೆ ಜಾಗಾ ನೋಡ್ಕೊರಿ."