ತುಂಬಿಸಿ ಕೊಡಬೇಕಾದ ಬಟ್ಟಲು

ಮಿಲಿಟರಿ ಮಾವನ ಎಡಗಾಲಿನಲ್ಲಿ ಎರಡು ಬೆರಳು ಇರಲಿಲ್ಲ. ಕಿರುಬೆರಳು, ಮತ್ತೆ ಅದರ ಪಕ್ಕದ್ದು. ಆ ಕಾಲಿನ ಚಪ್ಪಲಿ ಜಾರಿ ಜಾರಿ ಹೊರಗೆ ಬರುತ್ತಿತ್ತು. ಅದನ್ನು ಎಳೆದುಕೊಂಡು ನಡೆಯುವ ಸದ್ದಿನಿಂದಲೇ ಅವರು ಬಂದರೆಂದು ನಮ್ಮ ಬೀದಿಗೆ ಗೊತ್ತಾಗುತ್ತಿತ್ತು. ಗುಂಡು ತಗುಲಿ ಹೋದ ಬೆರಳುಗಳೆಂದು ಹಳೇಬೀಡಿನವರೆಲ್ಲ ನಂಬಿದ್ದರು. ಗುಂಡೂ ಇಲ್ಲ, ಗಿಂಡೂ ಇಲ್ಲ. ಇಟಲಿಯ ಹಿಮಕ್ಕೆ ಕೊಳೆತು ಹೋದವು ಎಂದು ನನಗೆ ಅವರೇ ಹೇಳಿದ್ದರು.

ಮಾವ ಎಂದು ಕರೆದರೂ ನಮಗೇನೂ ನೆಂಟರಲ್ಲ. ಹಾರನಹಳ್ಳಿ ಕಡೆಯ ಒಕ್ಕಲು ಮನೆತನದವರು. ಪಟ್ಟಾಳದಿಂದ ಬಂದ ಮೇಲೆ ದೇವಸ್ಥಾನದ ಕಾವಲುಗಾರರಾಗಿ ನಮ್ಮ ಪಕ್ಕದ ಮನೆಗೆ ಬಂದಿದ್ದರು. ದೊಡ್ಡ ಯುದ್ಧದಲ್ಲಿ ಲಾರಿ ಓಡಿಸಲು ಹೋಗಿ, ಮರಳುಗಾಡಿನಲ್ಲಿ ಸೆರೆ ಸಿಕ್ಕಿ, ಹಡಗಿನಲ್ಲಿ ಇಟಲಿ ಸೇರಿದವರು. ಒಂದು ದಿನ ಇಟಲಿ ಶರಣಾಗಿ, ಸೆರೆಮನೆಯ ಪಹರೆಯವರೇ ಓಡಿಹೋದಾಗ ಮಾವ ಬೆಟ್ಟ ಹತ್ತಿದರು. ಅಲ್ಲಿನ ಹಳ್ಳಿಯೊಂದರಲ್ಲಿ ಒಬ್ಬ ಮುದುಕಿ ಅವರನ್ನು ಚಳಿಗಾಲವಿಡೀ ಹುಲ್ಲಿನ ಅಟ್ಟದ ಮೇಲೆ ಬಚ್ಚಿಟ್ಟು ಊಟ ಹಾಕಿದಳು. ಜರ್ಮನರಿಗೆ ಸಿಕ್ಕಿಬಿದ್ದಿದ್ದರೆ ಇಬ್ಬರಿಗೂ ಗುಂಡೇ ಗತಿ.

“ಮುಸುಕಿನ ಜೋಳದ ಮುದ್ದೆ ಕಣವ್ವ, ಹಳದಿ ಬಣ್ಣದ್ದು. ಆ ಜನ ಅಗೀತಿದ್ರು. ನಾನು ನಮ್ಮ ರಾಗಿಮುದ್ದೆ ಹಂಗೆ ನುಂಗೋನು. ಅದನ್ನ ನೋಡಿ ಆವಮ್ಮ ನಗೋಳು” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಜರ್ಮನ್ ಸಿಪಾಯಿಗಳು ಹಳ್ಳಿಗೆ ನುಗ್ಗಿದರು. ಮುದುಕಿ ಬಿಸಿ ಮುದ್ದೆಯ ಬಟ್ಟಲನ್ನು ಇವರ ಕೈಗೆ ತುರುಕಿ ಹಿತ್ತಿಲಿನಿಂದ ಹೊರಗೆ ದಬ್ಬಿದಳು. ಓಡುತ್ತಲೇ ಇವರು ಕೂಗಿ ಹೇಳಿದ ಮಾತು: ‘ತೆ ಲಾ ರಿಪೋರ್ತೊ.’ ಇದನ್ನು ನಿನಗೆ ವಾಪಸು ತಂದುಕೊಡ್ತೀನಿ. ಆಮೇಲೆ ಅವಳು ಉಳಿದಳೋ ಇಲ್ಲವೋ, ಮಾವನಿಗೆ ತಿಳಿಯಲೇ ಇಲ್ಲ. ಅಂಚಿಗೆ ನೀಲಿ ಗೆರೆಯಿದ್ದ, ಅಲ್ಲಲ್ಲಿ ಬಿಳಿ ಚಕ್ಕೆ ಎದ್ದ ಆ ತಗಡಿನ ಬಟ್ಟಲು ಮಾತ್ರ ಹಳೇಬೀಡಿನವರೆಗೂ ಬಂದು ಅವರ ದೇವರ ಗೂಡಿನಲ್ಲಿ ಕೂತಿತ್ತು. “ಈ ಬಟ್ಲಿಗಿರೋ ಮರ್ವಾದೆ ಕಟ್ಕೊಂಡೋಳಿಗಿಲ್ಲ” ಎಂದು ಅತ್ತೆ, ಅಂದರೆ ಅವರ ಹೆಂಡತಿ, ಗೊಣಗುತ್ತಲೇ ಅದನ್ನು ಬೆಳಗಿಡುತ್ತಿದ್ದರು.

ಮಧ್ಯಾಹ್ನ ದೇವಸ್ಥಾನಕ್ಕೆ ಬರುವವರಿಲ್ಲದ ಹೊತ್ತಿನಲ್ಲಿ ಜಗತಿಯ ನೆರಳಿನಲ್ಲಿ ನನಗೆ ಪಾಠ. ಆಡದೆ ಬಿಟ್ಟರೆ ಭಾಷೆ ಸತ್ತುಹೋಗುತ್ತದೆ ಎಂಬ ಭಯ ಅವರಿಗೆ. ಸೀಬೆಹಣ್ಣಿನ ಆಸೆ ನನಗೆ. ಹಣ್ಣು ಹಿಡಿದುಕೊಂಡು ಕೂರುತ್ತಿದ್ದರು. ಬರೀ ‘ಕೊಡು’ ಎಂದರೆ ಕೊಡರು. ‘ಮೆ ಲೋ ದಾಯ್?’ ಎನ್ನಬೇಕು. ನನಗೆ ಅದನ್ನು ಕೊಡ್ತೀಯಾ? ಆಗ ‘ತೆ ಲೋ ದೋ’ ಎಂದು ಹಣ್ಣು ಕೈಗಿಡುತ್ತಿದ್ದರು.

“ಯಾರಿಗೆ, ಏನು, ಎರಡೂ ಒಂದೇ ಉಸಿರಲ್ಲಿ ಬರಬೇಕು ಕಣವ್ವ. ಮೊದಲು ಮನುಷ್ಯ, ಆಮೇಲೆ ಸಾಮಾನು. ಹಿಂದುಮುಂದಾದ್ರೆ ಹಣ್ಣಿಲ್ಲ.”

ಬಟ್ಟಲು ಆ ಭಾಷೆಯಲ್ಲಿ ಹೆಣ್ಣು; ಅದಕ್ಕೆ ‘ಲೋ’ ಅಲ್ಲ, ‘ಲಾ’. ಇದನ್ನೆಲ್ಲ ಕೇಳಿ ಸ್ಕೂಲ್ ಮೇಷ್ಟ್ರಾದ ನಮ್ಮಪ್ಪ, “ಇಟಲಿ ಮಾತು ಕಲಿತು ಹಗರೆ ಸಂತೇಲಿ ಬದನೆಕಾಯಿ ಚೌಕಾಸಿ ಮಾಡ್ತೀಯೇನೇ?” ಎಂದು ರೇಗಿಸುತ್ತಿದ್ದರು.

ವರ್ಷಗಳು ಹೋದಂತೆ ಪಾಠದ ವಾಕ್ಯ ಬದಲಾಯಿತು. ‘ನಿನಗೆ ತಂದುಕೊಡ್ತೀನಿ’ ಹೋಗಿ ‘ಲ್ಯೇಲಾ ಪೋರ್ತಿ’ ಬಂತು. ಅವಳಿಗೆ ಇದನ್ನು ನೀವು ತಲುಪಿಸಿ. ತಾವು ಇನ್ನು ಹೋಗುವುದಿಲ್ಲ ಎಂದು ಮಾವ ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಬೇಲೂರಿನಿಂದ ಕಾರುಗಳಲ್ಲಿ ಬರುತ್ತಿದ್ದ ಬಿಳಿಯರನ್ನೆಲ್ಲ ‘ಇತಾಲಿಯಾ?’ ಎಂದು ಕೇಳತೊಡಗಿದರು. ಎಲ್ಲರೂ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ, ಮಾರ್ಗಶಿರದ ಒಂದು ಬಿಸಿಲಿನಲ್ಲಿ, ಒಬ್ಬ ಹೆಂಗಸು ‘ಸೀ’ ಎಂದಳು. ಹೌದು, ಇಟಲಿ.

ಮಾವ ಚಪ್ಪಲಿ ಬಿಟ್ಟು ಮನೆಗೆ ಓಡಿದರು. ಇಸಿದುಕೊಂಡ ಪಾತ್ರೆಯನ್ನು ಖಾಲಿ ಹಿಂತಿರುಗಿಸುವ ಮನೆತನವೇ ಅದು! ಅತ್ತೆ ಅವಸರದಲ್ಲಿ ಕೊಬ್ಬರಿ ಬೆಲ್ಲ ತುಂಬಿಕೊಟ್ಟರು. ಬಟ್ಟಲು ಹಿಡಿದು ಆ ಹೆಂಗಸಿನ ಮುಂದೆ ನಿಂತಾಗ ಇಷ್ಟು ವರ್ಷ ಕಾಪಾಡಿಕೊಂಡಿದ್ದ ಮಾತು ಮಾವನ ಬಾಯಿಗೆ ಬರಲಿಲ್ಲ. ಕೊನೆಗೆ ನಾನೇ ಹೇಳಿದೆ: ‘ಲ್ಯೇಲಾ ಪೋರ್ತಿ.’

ಅವಳ ಮುಖ ಅರಳಿತು. ‘ಆ ಕೀ?’ ಎಂದಳು. ಯಾರಿಗೆ?

“ಮಾಮ್ಮ” ಎಂದರು ಮಾವ. ಅಮ್ಮ.

ಹೆಸರೇನು ಎಂದಳು. ಮಾವ ನನ್ನ ಮುಖ ನೋಡಿದರು. ಊರು ಯಾವುದು ಎಂದಳು. ಬಾಗಿಲು ಹಾಕಿಕೊಂಡು ಅಟ್ಟದಲ್ಲಿ ಅಡಗಿದ್ದವರಿಗೆ ಊರಿನ ಹೆಸರು ಹೇಳಿದವರಾರು? ಬೆಟ್ಟ, ಚರ್ಚು, ಕೆಳಗೊಂದು ಹೊಳೆ ಎಂದು ಕೈಸನ್ನೆ ಮಾಡಿ ತೋರಿಸಿದರು. ನಮ್ಮ ದೇಶದಲ್ಲಿ ಎಲ್ಲ ಊರೂ ಹಾಗೇ ಇರುತ್ತದೆ ಎಂದು ಅವಳು ಡ್ರೈವರನ ಮೂಲಕ ಹೇಳಿಸಿದಳು. ನಗಲಿಲ್ಲ, ಪಾಪ. ಒಳ್ಳೆಯವಳೇ. ಬೇಡವೆಂದರೆ ನೋಯುತ್ತಾರೆಂದು ಕೊಬ್ಬರಿ ಬೆಲ್ಲವನ್ನೆಲ್ಲ ಕರವಸ್ತ್ರಕ್ಕೆ ಸುರಿದುಕೊಂಡು, ಬಟ್ಟಲನ್ನು ಎರಡೂ ಕೈಯಲ್ಲಿ ಮಾವನಿಗೇ ವಾಪಸು ಕೊಟ್ಟಳು. ಕಾರು ಹೊರಟುಹೋಯಿತು.

ನನಗೆ ಸಿಟ್ಟು ಬಂದಿತ್ತು. “ಒಂದು ಚಳಿಗಾಲ ಪೂರ್ತಿ ಅನ್ನ ತಿಂದು ಹೆಸರು ಕೇಳಲಿಲ್ವಾ ಮಾವ?” ಎಂದೆ.

“ಅವ್ವನಂತೋಳ ಹೆಸರು ಕೇಳ್ತಾರೇನವ್ವ? ನನ್ನ ಹಡೆದವ್ವನ ಹೆಸರೇ ನಂಗೆ ಗೊತ್ತಿರಲಿಲ್ಲ. ಪಟ್ಟಾಳಕ್ಕೆ ಸೇರುವಾಗ ಬರೆಸಬೇಕು ಅಂದ್ರು, ಆಗ ಅಪ್ಪನ್ನ ಕೇಳಿ ತಿಳ್ಕೊಂಡಿದ್ದು.” ಬಟ್ಟಲಿನೊಳಗೆ ನೋಡುತ್ತಾ ಮೆಲ್ಲಗೆ ಅಂದರು, “ಖಾಲಿ ಮಾಡಿ ಕೊಟ್ಬಿಟ್ಲಲ್ಲವ್ವ.”

ಅಲ್ಲಿಗೆ ಪಾಠ ನಿಂತಿತು. ಬಿಳಿಯರು ಬಂದರೆ ಮಾವ ಎದ್ದು ಗುಡಿಯ ಹಿಂದಕ್ಕೆ ಹೋಗುತ್ತಿದ್ದರು. ಒಮ್ಮೆ ನಾನೇ ಸೀಬೆಹಣ್ಣು ಹಿಡಿದು ‘ತೆ ಲೋ ದೋ’ ಎಂದು ಆಸೆ ಹುಟ್ಟಿಸಲು ನೋಡಿದೆ. “ತಿನ್ನವ್ವ ನೀನೇ” ಎಂದು ಕನ್ನಡದಲ್ಲಿ ಹೇಳಿದರು. ನಾಲ್ಕೈದು ವರ್ಷ ಹಾಗೇ ಸವೆದರು. ಕೊನೆಗೆ ಒಂದು ಚಳಿಗಾಲದ ಕೆಮ್ಮು ಅವರನ್ನು ತೆಗೆದುಕೊಂಡು ಹೋಯಿತು.

ತಿಥಿ ಮುಗಿದ ಮೇಲೆ ಅತ್ತೆ ಬಟ್ಟಲನ್ನು ನಮ್ಮ ಮನೆಗೆ ತಂದರು. ಒಳಗೆ ಒಂದು ಅಚ್ಚು ಬೆಲ್ಲ ಇತ್ತು. “ಆ ಮಾತು ಬರೋದು ನಿನಗೊಬ್ಬಳಿಗೇ. ನೀನೇ ಇಟ್ಕೊ” ಎಂದರು.

ಆ ಬಟ್ಟಲು ಈಗಲೂ ನನ್ನ ಬಳಿಯಿದೆ. ಇರುವೆ ಮುತ್ತಿದರೆ ಬೆಲ್ಲ ಬದಲಾಯಿಸುತ್ತೇನೆ. ಬರಿದಾಗಿ ಇಡಲು ಮನಸ್ಸು ಒಪ್ಪುವುದಿಲ್ಲ. ಇನ್ನೆಲ್ಲ ಇಟಲಿ ಮಾತು ಮರೆತುಹೋಗಿದೆ, ಮಾವ ಕಲಿಸಿದ ಆ ವಾಕ್ಯವೊಂದು ತಪ್ಪಿಲ್ಲದೆ ಬರುತ್ತದೆ. ಅವಳಿಗೆ ಇದನ್ನು ತಲುಪಿಸಿ. ಯಾರಿಗೆ ಎಂದು ಕೇಳಿದರೆ ಹೇಳಲು ನನ್ನಲ್ಲೂ ಇರುವುದು ಅಷ್ಟೇ, ಅಮ್ಮನಿಗೆ.