ಮಲಗಿದ ಮಗುವನ್ನು ಎಬ್ಬಿಸುವುದು

ಕಡಿಮೆ ತೂಕದ ಮಕ್ಕಳ ವಾರ್ಡಿನಲ್ಲಿ ಆ ನರ್ಸಿಗೆ ದೊಡ್ಡಕ್ಕ ಎಂಬ ಹೆಸರು ಅಂಟಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಬಾಯಿ ಜೋರು, ಕೈ ಮೆತ್ತಗೆ. ಮಗುವನ್ನು ಮುಟ್ಟಲೂ ಹೆದರುವ ಅಪ್ಪಂದಿರನ್ನು ಕಂಡರೆ ಅವಳಿಗೆ ಎಲ್ಲಿಲ್ಲದ ಹುರುಪು. ಅಂಗಿ ಬಿಚ್ಚಿಸಿ, ಕುರ್ಚಿಗೆ ಒರಗಿಸಿ, ಮಗುವನ್ನು ಬರಿಯೆದೆಯ ಮೇಲೆ ಮಲಗಿಸಿ, ಮೇಲೊಂದು ಬಟ್ಟೆ ಸುತ್ತಿ ಕಟ್ಟಿಬಿಡುತ್ತಿದ್ದಳು. “ಉಸಿರಾಡಿ ಸ್ವಾಮಿ, ನಿಮ್ಮನ್ನೇನು ಅದು ಕಚ್ಚಲ್ಲ,” ಎನ್ನುತ್ತಿದ್ದಳು.

ಹಾಗೆ ಕಲಿತವರಲ್ಲಿ ಒಬ್ಬ ಗ್ಯಾರೇಜಿನ ಮೆಕ್ಯಾನಿಕ್. ಅವನ ಹೆಣ್ಣುಮಗು ಹುಟ್ಟಿದಾಗ ಒಂದೂಕಾಲು ಕಿಲೋ. ಉಗುರಿನ ಸಂದಿಯ ಗ್ರೀಸನ್ನು ಉಜ್ಜಿ ಉಜ್ಜಿ ಬೆರಳು ಕೆಂಪಗೆ ಮಾಡಿಕೊಂಡು ಬರುತ್ತಿದ್ದ. ಹಾಲು ಹಿಂಡಿ ಪುಟ್ಟ ಲೋಟದಿಂದ ಗುಟುಕು ಗುಟುಕಾಗಿ ಕುಡಿಸುವುದನ್ನು ಅವನ ಹೆಂಡತಿ ನಾಲ್ಕೇ ದಿನದಲ್ಲಿ ಕಲಿತಳು. ಐದು ವಾರಕ್ಕೆ ಮಗು ಒಂದು ಕಿಲೋ ಎಂಟುನೂರು ಗ್ರಾಂ ತೂಗಿತು.

ಮನೆಗೆ ಕಳಿಸುವ ದಿನ ದೊಡ್ಡಕ್ಕ ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು. ಇಷ್ಟು ಸಣ್ಣ ಮಕ್ಕಳಿಗೆ ಹಸಿವಾದರೂ ಅಳಲು ತ್ರಾಣವಿರುವುದಿಲ್ಲ. ಎರಡು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಲೇಬೇಕು. ಇಬ್ಬರೂ ತಲೆಯಾಡಿಸಿದರು. ಆಮೇಲೆ ಗೇಟಿನ ಹತ್ತಿರ, ಸಂತೋಷ ತಡೆಯಲಾಗದೆ, ಮಗುವಿನ ಗಲ್ಲ ಸವರಿ ಅವಳೇ ಅಂದಳು: “ಬಂಗಾರದಂಥ ಮಗು ಕಣಮ್ಮ. ಹಟ ಇಲ್ಲ, ಅಳು ಇಲ್ಲ. ಹೊಟ್ಟೆ ತುಂಬಿದ ಮಗು ಹೀಗೇ ಇರುತ್ತೆ.”

ಐದು ವಾರ ಹೇಳಿದ್ದನ್ನೆಲ್ಲ ಆ ಒಂದು ಮಾತು ನುಂಗಿಹಾಕಿತು. ಹೋಗುವವರ ಕಿವಿಯಲ್ಲಿ ಉಳಿಯುವುದು ಬಾಗಿಲಲ್ಲಿ ಆಡಿದ ಮಾತೇ ಎಂದು ಇಷ್ಟು ವರ್ಷದ ಕೆಲಸದಲ್ಲಿ ಅವಳಿಗೆ ತಿಳಿದಿರಬೇಕಿತ್ತು.

ಒಂಬತ್ತನೆಯ ದಿನ ಮೆಕ್ಯಾನಿಕ್ ಮಗುವನ್ನು ಎದೆಗೆ ಕಟ್ಟಿಕೊಂಡು ಓಡಿಬಂದ. ಕಟ್ಟು ಅವಳು ಕಲಿಸಿದಷ್ಟೇ ಸರಿಯಾಗಿತ್ತು. ಬಿಚ್ಚಿ ನೋಡಿದರೆ ಮಗುವಿನ ಮೈಯಲ್ಲಿದ್ದದ್ದು ಅಪ್ಪನ ಬಿಸಿ ಮಾತ್ರ. ಡಾಕ್ಟರು ಅರ್ಧ ಗಂಟೆ ಹೆಣಗಿ ಕೈಚೆಲ್ಲಿದರು.

“ಎರಡು ದಿನದಿಂದ ಚೆನ್ನಾಗಿ ಮಲಗ್ತಿತ್ತು,” ಎಂದ ಅವನು. “ಒಂದು ಸಲಾನೂ ಅಳ್ಲಿಲ್ಲ.”

ಗೇಟಿನ ಹತ್ತಿರ ತಾನಾಡಿದ ಮಾತು ದೊಡ್ಡಕ್ಕನಿಗೆ ನೆನಪಾಯಿತು. ಹೊರಗೆ ಅವನ ತಾಯಿ ಸೊಸೆಗೆ ಹೇಳುತ್ತಿದ್ದಳು: “ನಿನ್ನ ಹಾಲಲ್ಲೇ ಸತ್ವ ಇಲ್ಲ.” ಸೊಸೆ ತಲೆ ಎತ್ತಲಿಲ್ಲ. ಆವತ್ತು ದೊಡ್ಡಕ್ಕ ಬಾಯಿಬಿಡಲಿಲ್ಲ. ಆ ನಾಚಿಕೆ ಅವಳನ್ನು ಒಳಗೊಳಗೇ ತಿಂದಿತು.

ಮೂರು ವಾರ ತಡೆದಳು. ಕೊನೆಗೆ ಗ್ಯಾರೇಜಿನ ಹಿಂದಿನ ಒಂದೇ ಕೋಣೆಯ ಮನೆ ಹುಡುಕಿಕೊಂಡು ಹೋದಳು. ಅಂಗೈಯಗಲದ ಅಂಗಿಗಳನ್ನು ಮಡಚುತ್ತ ಮಗುವಿನ ತಾಯಿ ಒಬ್ಬಳೇ ಕೂತಿದ್ದಳು.

“ನಿನ್ನ ಹಾಲಿನ ತಪ್ಪಲ್ಲ ಕಣಮ್ಮ,” ಎಂದಳು ದೊಡ್ಡಕ್ಕ. “ಅಳದೇ ಇರೋ ಮಗು ಒಳ್ಳೇದು ಅಂತ ನಾನಂದೆನಲ್ಲ, ಅದು ನನ್ನ ತಪ್ಪು. ಹಸಿದು ಸುಸ್ತಾಗಿ ಮಲಗಿತ್ತು ಅದು. ನಿಮ್ಮತ್ತೆಗೂ ನಾನೇ ಹೇಳ್ತೀನಿ.”

ತಾಯಿಯ ಕೈ ನಿಂತಿತು. “ಎಬ್ಬಿಸಿ ಕುಡಿಸಿದ್ರೆ ಬದುಕ್ತಿತ್ತಾ ಅಕ್ಕ?”

ಸುಳ್ಳು ನಾಲಿಗೆಯ ತುದಿಗೆ ಬಂದರೂ ಹೇಳಲಾಗಲಿಲ್ಲ. “ಬದುಕ್ತಿತ್ತು ಅನ್ಸುತ್ತೆ.”

“ನನ್ನ ಹಾಲೇ ಸರಿಯಿಲ್ಲ ಅಂದ್ಕೊಂಡು ಹೇಗೋ ದಿನ ತಳ್ತಿದ್ದೆ,” ಎಂದಳು ತಾಯಿ. “ಅವತ್ತೂ ಎದೆಯಲ್ಲಿ ಹಾಲು ಕಟ್ಟಿ ಬಟ್ಟೆಯೆಲ್ಲ ಒದ್ದೆಯಾಗಿತ್ತು. ಮಗು ನಿದ್ದೆ ಕೆಡಿಸೋದು ಬೇಡ ಅಂತ ಹಿಂಡಿ ಚೆಲ್ಲಿದೆ.”